ಮೊದಲ ದಿನದ ಸ್ಕ್ಯಾನ್

"ಸರ್, ರೋಗಿಗೆ ವೈರಸ್ ಜ್ವರ. ಮಾತು ಅಸ್ತವ್ಯಸ್ತವಾಗುತ್ತಿದೆ. ಆದರೆ ಸ್ಕ್ಯಾನಿನಲ್ಲಿ ಏನೂ ಇಲ್ಲ. ಮೆದುಳಿಗೆ ಸೋಂಕಿಲ್ಲ ಎಂದು ಬರೆದು ಔಷಧಿ ನಿಲ್ಲಿಸಬಹುದೇ?"

ವೈದ್ಯಕೀಯ ವಿದ್ಯಾರ್ಥಿನಿ ನಾಗವೇಣಿ ನಿಂತಲ್ಲೇ ಕೇಳಿದಳು. ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿತ್ತು. ಅವಳ ಗುರು ವಿಶ್ವಂಭರಯ್ಯನವರು, "ಬರೆಯೋದು ಎಲ್ಲಿಗೂ ಓಡಿಹೋಗೋಲ್ಲ, ಕೂತ್ಕೋ" ಎಂದು ಹಳೆಯ ಘಟನೆಯೊಂದನ್ನು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಸ್ಕ್ಯಾನ್ ಓದುವುದರಲ್ಲಿ ಎತ್ತಿದ ಕೈ. ಅದು ಅವನಿಗೇ ಸ್ವಲ್ಪ ಹೆಚ್ಚು ಗೊತ್ತಿತ್ತು. ಒಮ್ಮೆ ಒಬ್ಬ ಇಸ್ತ್ರಿಯವನನ್ನು ಅವನ ಹೆಂಡತಿ ಆಸ್ಪತ್ರೆಗೆ ಕರೆತಂದಳು. ಎರಡು ದಿನದ ಜ್ವರ, ಜೊತೆಗೆ ಮರೆವು. ವಾರ್ಡಿನವರು ವೈರಸ್ಸಿಗೆ ಔಷಧಿ ಶುರುಮಾಡಿ ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನ್ ಚೊಕ್ಕವಾಗಿತ್ತು. ವೈದ್ಯ ಅದನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿದ.

"ನೋಡಮ್ಮ, ಮೆದುಳಲ್ಲಿ ಒಂದು ಚುಕ್ಕೆಯೂ ಇಲ್ಲ. ಬರೀ ಜ್ವರ."

"ಸಾರ್, ಇಪ್ಪತ್ತು ವರ್ಷದಿಂದ ಇವರು ಯಾವ ಬಟ್ಟೆಗೂ ಗುರುತು ಹಾಕ್ದೋರಲ್ಲ. ಮುಟ್ಟಿದ್ರೆ ಸಾಕು, ಯಾರ ಮನೇದು ಅಂತ ಹೇಳೋರು. ನಿನ್ನೆ ಮೂರು ಮನೆ ಬಟ್ಟೆ ಅದಲುಬದಲು ಮಾಡಿ ಕೊಟ್ಟವ್ರೆ. ತಲೇಲೇ ಏನೋ ಆಗೈತೆ ಸಾರ್."

ವೈದ್ಯನಿಗೆ ನಗು ಬಂತು. ಅಂಗಿ ಅದಲುಬದಲಾಗುವುದು ರೋಗದ ಲಕ್ಷಣವೆಂದು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ನಗು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮೆದುಳಿನ ಸೋಂಕು ಪತ್ತೆಹಚ್ಚುವ ಬೆನ್ನುಹುರಿಯ ನೀರಿನ ಪರೀಕ್ಷೆಯೂ ಬೇಡವೆಂದ ಆ ವೈದ್ಯ. ಅವನ ವರದಿ ನೋಡಿ ವಾರ್ಡಿನವರು ಔಷಧಿ ನಿಲ್ಲಿಸಿದರು.

ಇಸ್ತ್ರಿಯವನ ಹೆಂಡತಿ ಕೂತಲ್ಲಿ ಕೂರಲಿಲ್ಲ. ವಾರ್ಡಿಗೂ ವೈದ್ಯನ ಕೋಣೆಗೂ ಎರಡು ದಿನ ಓಡಾಡಿದಳು. ಪ್ರತಿ ಸಲವೂ ಅದೇ ವರದಿಯನ್ನು ತೋರಿಸಿ ಕಳಿಸಿದರು. ಮೂರನೆಯ ದಿನ ರೋಗಿಗೆ ಫಿಟ್ಸ್ ಬಂತು. ಮತ್ತೆ ಸ್ಕ್ಯಾನ್ ಮಾಡಿದರು. ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗದಲ್ಲಿ ಸೋಂಕು ಬೆಳ್ಳಗೆ ಹರಡಿತ್ತು.

"ಈಗ ಕಾಣಿಸುತ್ತಿದೆ ಅಮ್ಮ" ಎಂದ ವೈದ್ಯ.

"ನಂಗೆ ಅವತ್ತೇ ಕಂಡಿತ್ತು ಸಾರ್" ಎಂದಳು ಅವಳು.

ಔಷಧಿ ಮತ್ತೆ ಕೊಟ್ಟರು. ಜೀವವೇನೋ ಉಳಿಯಿತು. ಒಂದು ತಿಂಗಳ ಮೇಲೆ ಅವನು ಎದ್ದು ಕೂತು, ಗಂಜಿ ತಂದ ಹೆಂಡತಿಯನ್ನು ನೋಡಿ, "ಯಾವ ಮನೆಯವರಮ್ಮ ನೀವು? ಬಟ್ಟೆ ನಾಳೆ ಕೊಡ್ತೀನಿ" ಎಂದ.

ಗುರುಗಳು ಕಥೆಯನ್ನು ಅಲ್ಲಿಗೆ ಮುಗಿಸಿದರು. ನಾಗವೇಣಿ ಕೈಯಲ್ಲಿದ್ದ ವರದಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಹಾಗಾದರೆ ಇದರಲ್ಲಿ ಏನು ಬರೆಯಲಿ ಸರ್?"

"ಬೆಳಗಿನಿಂದ ನಿನ್ನ ರೋಗಿಯ ತಾಯಿ ಬಾಗಿಲಲ್ಲಿ ನಿಂತಿದ್ದಾರಲ್ಲ, ಅವರು ನಿನಗೆ ಏನು ಹೇಳಿದರು?"