ಕೊಕ್ಕಪ್ಪನ ಅವಸರ

ಲೋಕ ಇನ್ನೂ ಹೊಸದು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ. ಸಾವು ಅಂದರೇನು ಅಂತ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಇನ್ನೂ ಸತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಡಿಗವ್ವ ಅನ್ನೋ ಮುದಿ ಕಾಗೆ ಆಲದ ಮರದ ಕೆಳಗೆ ಬಿದ್ದಿದ್ದಳು. ಕರೆದರೆ ಓಗೊಡಲಿಲ್ಲ, ಅಲುಗಿಸಿದರೆ ಏಳಲಿಲ್ಲ.

ಎಲ್ಲರೂ ಕಾಗೆಗಳ ಯಜಮಾನ ಕೊಕ್ಕಪ್ಪನ ಕಡೆ ನೋಡಿದರು. ಅವನಿಗೇನು ಗೊತ್ತು, ಪಾಪ! ಆದರೆ ಯಜಮಾನ ಅನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಅನ್ನೋಕಾಗುತ್ತಾ? ಅತ್ತ ತಿರುಗಿ ಕೆಮ್ಮಿದ, ಇತ್ತ ತಿರುಗಿ ಕೆಮ್ಮಿದ.

ಅಷ್ಟರಲ್ಲಿ ಇರುವೆಗಳು ಸಾಲಾಗಿ ಬಂದು ನಿಂತವು. "ಯಜಮಾನರೇ, ಇವಳನ್ನು ಕರಕೊಂಡು ಬನ್ನಿ ಅಂತ ಭೂಮಿತಾಯಿ ಕಳಿಸಿದ್ದಾಳೆ. ಎತ್ತೋಣವಾ?"

"ಸ್ವಲ್ಪ ತಾಳ್ರಪ್ಪ," ಅಂತು ಅಳಿಲು. "ಇವಳ ಮಗಳು ಕೋಗಿಲೆ ಹೊಳೆಯಾಚೆ ಮಾವಿನ ತೋಪಿನಲ್ಲಿದ್ದಾಳೆ. ಗಾಳಿ ಹೋಗಿ ಹೇಳಿ ಬರಲಿ."

"ಮಗಳಂತೆ ಮಗಳು!" ಕೊಕ್ಕಪ್ಪ ಗದರಿದ. "ಯಾರೋ ಇಟ್ಟ ಮೊಟ್ಟೆ. ಇವಳು ಕಾವು ಕೊಟ್ಟು ಸಾಕಿದಳು, ಅಷ್ಟೆ. ಬಂದಾಗ ಹೇಳಿದರಾಯಿತು. ಎತ್ತಿ, ಎತ್ತಿ!"

ಇರುವೆಗಳು ಎತ್ತಿದವು. ಮಣ್ಣು ಬಾಯಿ ತೆರೆದು ಮುಚ್ಚಿಕೊಂಡಿತು.

ಬಿಸಿಲು ನೆತ್ತಿಗೆ ಬರುವಾಗ ಕೋಗಿಲೆ ಬಂದಳು. ಅವ್ವನಿಗೆ ಅಂತ ತಂದಿದ್ದ ಹಣ್ಣನ್ನು ಕೆಳಗಿಟ್ಟು ಕೇಳಿದಳು, "ಅವ್ವ ಎಲ್ಲಿ?"

"ಹೋದಳಮ್ಮ," ಅಂದ ಕೊಕ್ಕಪ್ಪ.

"ಎಲ್ಲಿಗೆ?"

"ಮಣ್ಣಿಗೆ."

"ಮಣ್ಣಿಗೆ ಯಾಕೆ ಹೋಗ್ತಾಳೆ? ಅವಳಿಗೆ ರೆಕ್ಕೆ ಇದೆಯಲ್ಲ!"

ಕೊಕ್ಕಪ್ಪ ಮತ್ತೆ ಅತ್ತ ತಿರುಗಿ ಕೆಮ್ಮಿದ.

"ನಾನು ಅವಳ ಮುಖ ನೋಡಿಲ್ಲ. ನೋಡದೆ ಹೇಗೆ ನಂಬಲಿ? ನೀವೆಲ್ಲ ಸೇರಿ ಅವಳನ್ನು ಬಚ್ಚಿಟ್ಟಿದ್ದೀರಿ!" ಅಂದವಳೇ ಕೋಗಿಲೆ ಕೂಗುತ್ತಾ ಹಾರಿಹೋದಳು. ಈ ಮರದಿಂದ ಆ ಮರಕ್ಕೆ, ಆ ಮರದಿಂದ ಇನ್ನೊಂದು ಮರಕ್ಕೆ.

ಆ ಕೂಗು ಕೇಳಿ ಕೊಕ್ಕಪ್ಪ ಮಣ್ಣು ಮುಚ್ಚಿದ ಜಾಗಕ್ಕೆ ಓಡಿದ. ಕೊಕ್ಕಿನಿಂದ ನೆಲ ಕೆದಕಿ ಬೇಡಿಕೊಂಡ. "ತಾಯೀ, ಒಂದೇ ಒಂದು ಗಳಿಗೆ ಅವಳನ್ನು ವಾಪಸ್ ಕೊಡು. ಹುಡುಗಿ ಮುಖ ನೋಡಲಿ."

"ನನ್ನೊಳಗೆ ಬಂದವರನ್ನು ಚಿಗುರು ಮಾಡಿ ಕೊಟ್ಟೇನಪ್ಪ, ಬಂದ ಹಾಗೇ ಕೊಡಲಾರೆ," ಅಂದಳು ಭೂಮಿತಾಯಿ. "ಕರಕೊಂಡು ಬನ್ನಿ ಅಂದೆ ನಿಜ. ಈಗಿಂದೀಗಲೇ ಅಂದೆನಾ? ತಾಳು ಅಂದಿದ್ದರೆ ತಾಳುತ್ತಿದ್ದೆ."

"ಎಷ್ಟು ಹೊತ್ತು ತಾಳ್ತಿದ್ದೆ, ತಾಯಿ?"

"ದೂರದವರು ಬಂದು ಮುಖ ನೋಡೋವರೆಗೆ. ಹೊತ್ತು ಮುಳುಗೋದರೊಳಗೆ ಕೊಟ್ಟರೆ ಸಾಕಿತ್ತು. ಅದಕ್ಕೂ ಮೇಲೆ ಇಟ್ಟುಕೊಂಡು ಕೂರಬಾರದು. ಹೋದವರಿಗೂ ನೆಮ್ಮದಿಯಿಲ್ಲ, ಇದ್ದವರ ಮನೆಯಲ್ಲಿ ಒಲೆಯೂ ಹತ್ತೋದಿಲ್ಲ."

ಅವತ್ತಿನಿಂದ ಒಂದು ಕಾಗೆ ಸತ್ತರೆ ಉಳಿದವು ಸುಮ್ಮನಿರುವುದಿಲ್ಲ. ಕಾ ಕಾ ಅಂತ ಊರಿಗೆಲ್ಲ ಕೇಳುವಂತೆ ಕರೆಯುತ್ತವೆ. ಹೆತ್ತವರೋ ಸಾಕಿದವರೋ ಅಂತ ವಿಚಾರಿಸುವುದಿಲ್ಲ. ಎಲ್ಲ ಬಂದು, ಸುತ್ತ ಕೂತು, ಮುಖ ನೋಡಿ, ಕತ್ತಲಾಗುವ ಮೊದಲೇ ಎದ್ದು ಹೋಗುತ್ತವೆ. ದೂರದ ಮಗಳು ಬರಲಿ ಅಂತ ಕಾಯುವುದನ್ನು ನಮ್ಮ ಜನ ಕಲಿತದ್ದೂ ಅವುಗಳನ್ನು ನೋಡಿಯೇ ಅಂತೆ.

ಕೋಗಿಲೆ ಮಾತ್ರ ಇನ್ನೂ ನಂಬಿಲ್ಲ. ಮಾವು ಚಿಗುರಿದಾಗ ಎಲೆ ಮರೆಯಲ್ಲಿ ಕೂತು ಕೂಗುತ್ತಲೇ ಇರುತ್ತಾಳೆ. ಆಗ ಕಾಗೆಯೊಂದು ಅವಳ ಬೆನ್ನಟ್ಟುವುದನ್ನು ನೀನೂ ನೋಡಿರಬೇಕು. ಜಗಳ ಅಂದುಕೊಂಡೆಯಾ, ಪುಟ್ಟಾ? "ನಿಲ್ಲೇ ತಾಯಿ, ನಿನ್ನವ್ವನನ್ನು ಮಣ್ಣು ಮಾಡಿದ ಜಾಗ ತೋರಿಸ್ತೀನಿ" ಅಂತ ಕೊಕ್ಕಪ್ಪನ ವಂಶದವರು ಇವತ್ತಿಗೂ ಅವಳ ಹಿಂದೆ ಹಾರುತ್ತಿದ್ದಾರೆ, ಅವಳು ಇವತ್ತಿಗೂ ನಿಲ್ಲುವುದಿಲ್ಲ.