ಹನ್ನೆರಡು ಶಾಲು, ಒಂದು ಹರಿಗೋಲು

ಹೊಳೆಸಾಲಿನ ಅರಮನೆಯಲ್ಲಿ ನಮ್ಮ ಮನೆತನದವರು ಏಳು ತಲೆಮಾರು ಕಾಗದಪತ್ರ ಓದುವ ಕೆಲಸ ಮಾಡಿದವರು. ಒಂದು ಕಾಗದ ಕಳೆದರೆಂದಾಗಲಿ, ಒಂದು ಸಾಲು ಬಿಟ್ಟು ಓದಿದರೆಂದಾಗಲಿ ಯಾರೂ ಬೆರಳು ತೋರಿಸಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಮ್ಮ ಮನೆತನದ ಸಿರಿಯಮ್ಮನವರನ್ನು ದಿವಾನ ಭುಜಂಗರಾಯರು ತುಂಬಿದ ಸಭೆಯಲ್ಲಿ ಸುಳ್ಳಿ ಎಂದು ಕರೆದರು.

ಭುಜಂಗರಾಯರು ಹೊಸ ಬಗೆಯ ಒಲೆಯೊಂದನ್ನು ಮಾಡಿಸಿ ನಲವತ್ತು ಊರುಗಳಿಗೆ ಹಂಚಿದ್ದರು. ಅಂದು ಸಭೆಯಲ್ಲಿ ಎದ್ದು ನಿಂತು ಮೀಸೆ ತಿರುವಿದರು.

"ಪ್ರಭು, ಹನ್ನೆರಡು ಊರಿನಿಂದ ವರದಿ ಬಂದಿದೆ. ಹನ್ನೆರಡೂ ಹೊಗಳಿಕೆಯೇ! ಹೊಗೆಯೇ ಇಲ್ಲವಂತೆ. ಹೊಳೆಯಾಚೆಯ ಬಯಲುನಾಡಿನಲ್ಲಿ ಹೆಂಗಸರು ಮಕ್ಕಳು ಹೊಗೆ ಕುಡಿದು ಕೆಮ್ಮುತ್ತಿದ್ದಾರೆ. ಅಲ್ಲಿನ ರಾಣಿಗೆ ಹತ್ತು ಸಾವಿರ ಒಲೆ ಉಡುಗೊರೆ ಕಳಿಸೋಣ. ಬರುವ ಹುಣ್ಣಿಮೆಗೆ ಹಳೆಯ ಒಲೆಗಳನ್ನೆಲ್ಲ ಒಡೆದುಹಾಕಿ ಎಂದು ಅಲ್ಲಿಯವರಿಗೆ ಆಗಲೇ ಹೇಳಿಕಳಿಸಿದ್ದೇನೆ."

ದೊರೆ ರಾಮರಸರು ಹಿಗ್ಗಿ ತಲೆದೂಗಿದರು.

ಸಿರಿಯಮ್ಮನವರು ಎದ್ದರು. "ದಿವಾನರೇ, ಒಲೆ ಹೋದದ್ದು ನಲವತ್ತು ಊರಿಗೆ. ಉಳಿದ ಇಪ್ಪತ್ತೆಂಟು ಊರಿನವರು ಏನಂದರು?"

"ಅವರು ಬಂದು ಏನೂ ಅಂದಿಲ್ಲಮ್ಮ. ಅಂದರೆ ಸುಖವಾಗಿದ್ದಾರೆ."

"ಬಂದಿದ್ದರು. ಕುದುರೆ ಲಾಯದ ತನಕ."

ಆ ಅರಮನೆಯ ಪದ್ಧತಿ ಹಾಗಿತ್ತು. ಒಳ್ಳೆಯ ಸುದ್ದಿ ತಂದವನಿಗೆ ಮುಂಬಾಗಿಲಲ್ಲೇ ಶಾಲು. ಕೆಟ್ಟ ಸುದ್ದಿ ತಂದವನಿಗೆ ಲಾಯದ ಹಿಂದೆ ಕಾಯುವ ಭಾಗ್ಯ. ಮೂರು ದಿನ ಕಾದು, ಯಾರೂ ಕರೆಯದೆ, ಕಾಗದವನ್ನು ಹುಲ್ಲಿನ ಮೆದೆಗೆ ಸಿಕ್ಕಿಸಿ ಅವನು ಊರಿಗೆ ಹೋಗುತ್ತಿದ್ದ. ಸಿರಿಯಮ್ಮನವರು ಆ ಇಪ್ಪತ್ತೆಂಟನ್ನೂ ಹೆಕ್ಕಿ ತಂದು, ಹೊಗಳಿದ ಹನ್ನೆರಡರ ಜೊತೆಗಿಟ್ಟು, ಎಲ್ಲವನ್ನೂ ಎರಡೆರಡು ಸಲ ಓದಿದ್ದರು. ಒಂದರ ಮೂಲೆಯನ್ನು ಕುದುರೆ ತಿಂದಿತ್ತು, ಅಷ್ಟೇ.

"ಪ್ರಭು, ಹೊಗಳಿದ ಹನ್ನೆರಡೂ ಕಾಡಂಚಿನ ಊರುಗಳು. ಅಲ್ಲಿ ಸೌದೆ ಉರಿಸುತ್ತಾರೆ. ಉಳಿದವು ಬೆರಣಿ ಉರಿಸುವ ಊರುಗಳು. ಬೆರಣಿ ಇಟ್ಟರೆ ಈ ಒಲೆ ಹಳೆಯದಕ್ಕಿಂತ ಹೆಚ್ಚು ಹೊಗೆ ಕಾರುತ್ತದೆ. ಒಂದೂರಿನಲ್ಲಿ ಒಲೆಯೊಳಗೆ ಕೋಳಿ ಕಾವಿಗೆ ಕೂತಿದೆಯಂತೆ. ಬಯಲುನಾಡಿನಲ್ಲಿ ಸೌದೆ ಎಲ್ಲಿದೆ? ಇದ್ದ ಒಲೆಯನ್ನೂ ಒಡೆದುಕೊಂಡ ತಾಯಂದಿರು ಮಕ್ಕಳಿಗೆ ಏನು ಬೇಯಿಸಿ ಹಾಕಬೇಕು?"

ದಿವಾನರು ಕೆಂಪಾದರು. "ಲಾಯದ ಕಸ ತಂದು ಸಭೆಯಲ್ಲಿ ಓದುತ್ತೀಯಾ? ಸುಳ್ಳಿ! ಬಂದು ಹೇಳಿದವನ ಮಾತು ವರದಿ. ಬಾರದವನ ಗೊಡವೆ ಯಾರಿಗೆ ಬೇಕು?"

ಸಭೆ ನಕ್ಕಿತು. ದೊರೆಯೂ ನಕ್ಕರು. "ನಾಳೆಯೇ ದಿವಾನರು ಮೊದಲ ಒಲೆಗಳೊಂದಿಗೆ ಹೊಳೆ ದಾಟಲಿ. ಹರಿಗೋಲಿನ ವ್ಯವಸ್ಥೆ ನೀವೇ ನೋಡಿ, ಸಿರಿಯಮ್ಮನವರೇ. ನಿಮ್ಮ ಮನಸ್ಸಿಗೂ ಸಮಾಧಾನವಾಗುತ್ತದೆ."

"ಅಪ್ಪಣೆ."

ಬೆಳಗಾಗುವ ಹೊತ್ತಿಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದಡದಲ್ಲಿ ಇಡೀ ಸಭೆ ನೆರೆದಿತ್ತು. ದಿವಾನರು ಜರಿ ಪೇಟ ಕಟ್ಟಿ ಬಂದು ಹರಿಗೋಲಿನೊಳಗೆ ಇಣುಕಿದರು. ತಳದಲ್ಲಿ ಕೈ ತೂರುವಷ್ಟು ತೂತು.

"ಏನಮ್ಮ ಇದು?"

"ನಾಡಿನಲ್ಲೇ ಉತ್ತಮ ಹರಿಗೋಲು, ಸ್ವಾಮಿ. ಇದರಲ್ಲಿ ದಾಟಿದ ಹನ್ನೆರಡು ಜನ ಬಂದು ಹೇಳಿದ್ದಾರೆ. ಹನ್ನೆರಡೂ ಹೊಗಳಿಕೆಯೇ. ಹತ್ತಿ."

"ತಳವೇ ಇಲ್ಲವಲ್ಲ! ಹತ್ತಿದವರು ಒಟ್ಟು ಎಷ್ಟು ಜನ?"

"ನಲವತ್ತು."

"ಮತ್ತೆ ಉಳಿದ ಇಪ್ಪತ್ತೆಂಟು ಜನ?"

"ಅವರು ಬಂದು ಏನೂ ಅಂದಿಲ್ಲ, ಸ್ವಾಮಿ. ಅಂದರೆ ಸುಖವಾಗಿದ್ದಾರೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತಿದ ಕಾಲನ್ನು ದಿವಾನರು ಮೆಲ್ಲಗೆ ದಡಕ್ಕೇ ಇಟ್ಟರು.

"ಹರಿಗೋಲಿನ ಕತೆ ನಾನು ಕಟ್ಟಿದ್ದು, ಪ್ರಭು. ಕಾಗದಗಳನ್ನು ಕಟ್ಟಿದ್ದಲ್ಲ," ಎಂದು ಸಿರಿಯಮ್ಮನವರು ಕಟ್ಟನ್ನು ಮುಂದಿಟ್ಟರು. "ಇದರಲ್ಲೇ ಉಪಾಯವೂ ಇದೆ. ಬೆರಣಿ ಉರಿಸುವ ಎರಡು ಊರಿನ ಹೆಂಗಸರು ಒಲೆಯ ಬಾಯಿ ಅಗಲ ಮಾಡಿ, ಹೊಗೆ ಕೊಳವೆ ಎತ್ತರಿಸಿ ಸರಿಮಾಡಿಕೊಂಡಿದ್ದಾರೆ. ಅವರೂ ಶಾಲಿಲ್ಲದೆ ಹಿಂದಿರುಗಿದವರೇ."

ದೊರೆ ಅಲ್ಲೇ ನಿಂತು ನಲವತ್ತನ್ನೂ ಓದಿಸಿ ಕೇಳಿದರು. ಹಳೆಯ ಒಲೆ ಒಡೆಯಬೇಡಿ ಎಂಬ ಸುದ್ದಿಯೊಂದಿಗೆ ಗಟ್ಟಿ ತಳದ ಹರಿಗೋಲಿನಲ್ಲಿ ದೂತನೊಬ್ಬ ಹೊರಟ. ಆ ಎರಡು ಊರಿನ ಹೆಂಗಸರನ್ನು ಕರೆತರಲು ಪಲ್ಲಕ್ಕಿ ಹೋಯಿತು.

ದೊರೆ ಕೊರಳಿನ ಮುತ್ತಿನ ಹಾರ ತೆಗೆದರು. "ತೆಗೆದುಕೊಳ್ಳಿ, ಸಿರಿಯಮ್ಮನವರೇ."

"ಹಾರ ಬೇಡ, ಪ್ರಭು." ಅವರು ದಿವಾನರ ಕಡೆ ತಿರುಗಿದರು. "ನಿನ್ನೆ ತುಂಬಿದ ಸಭೆಯಲ್ಲಿ ನನ್ನನ್ನು ಸುಳ್ಳಿ ಅಂದಿರಿ. ಇವತ್ತೂ ಅಷ್ಟೇ ಜನ ಇದ್ದಾರೆ. ಕ್ಷಮೆ ಕೇಳಿ."