ಒಂದು ಹೊರೆಗೆ ಎಂಟು ಹರಿದಾರಿ

ಒಂದು ಕಾಡಿನಲ್ಲಿ ಮಲ್ಲವ್ವ ಎಂಬ ಮುಳ್ಳುಹಂದಿ ಇದ್ದಳು. ಗುಡ್ಡದ ಈಚೆ ಗೆಡ್ಡೆ ಅಗೆದು ಗುಡ್ಡದ ಆಚೆ ಮಾರುವುದು ಅವಳ ಕಸುಬು. ಮೂಟೆ ಹೊರಲು ಒಂದು ಮುದಿ ಕಡವೆ ಇತ್ತು. ದಿನಕ್ಕೆ ಎರಡು ಹೊರೆ ಹುಲ್ಲು ತಿಂದು, ಹೋಗಿಬರುವ ಎಂಟು ಹರಿದಾರಿಯನ್ನು ತಣ್ಣಗೆ ನಡೆಯುತ್ತಿತ್ತು.

ಒಮ್ಮೆ ದಲ್ಲಾಳಿ ನರಿ ನಾಗೋಜಿ ಬಂದ. ಈ ಕಾಲದಲ್ಲೂ ಇದನ್ನೇ ಕಟ್ಟಿಕೊಂಡಿದ್ದೀಯಲ್ಲ ಎಂದು ನಕ್ಕ. ಅವನ ಹಿಂದೆ ಕೆಂಚ ಎಂಬ ಎಳೆಯ ಕಾಡುಕೋಣ ನಿಂತಿದ್ದ. ಬಂಡೆಯಂಥ ಮೈ, ಮಿರಮಿರ ಮಿಂಚುವ ಚರ್ಮ.

"ಹೊಸ ತಳಿ, ಅಕ್ಕಾ. ಒಂದು ಹೊರೆ ಹುಲ್ಲಿಗೆ ಎಂಟು ಹರಿದಾರಿ. ನಾನೇ ಮೇಲೆ ಕೂತು ನೋಡಿದ್ದೇನೆ."

ಮಲ್ಲವ್ವ ಕಡವೆಯನ್ನೂ ಅದರ ಮೇಲೆ ಹತ್ತು ಮೂಟೆ ಗೆಡ್ಡೆಯನ್ನೂ ಕೊಟ್ಟು ಕೆಂಚನನ್ನು ಕೊಂಡಳು. ಮಳೆಗಾಲದವರೆಗೆ ಅವಳಿಗಿದ್ದದ್ದು ಒಂದೇ ಬಣವೆ ಹುಲ್ಲು. ಅದು ಮುಗಿದರೆ ಮೂಟೆ ಏಳುವುದಿಲ್ಲ, ವ್ಯಾಪಾರ ನಿಂತಂತೆಯೇ.

ಕೆಂಚ ತಾನೇ ಬಣವೆಯಿಂದ ಎಳೆದು ತಿನ್ನುತ್ತಿದ್ದ. ಹದಿನೈದನೆಯ ದಿನ ಬಣವೆ ನೋಡಲು ಹೋದ ಮಲ್ಲವ್ವ ಕಲ್ಲಾಗಿ ನಿಂತಳು. ಮೈಮೇಲಿನ ಮುಳ್ಳೆಲ್ಲ ತಾವಾಗಿಯೇ ಎದ್ದವು. ದಿನಕ್ಕೊಂದು ಹೊರೆಯ ಲೆಕ್ಕದಲ್ಲಿ ನಾಲ್ಕು ತಿಂಗಳು ಬರಬೇಕಿದ್ದ ಬಣವೆ ಅರ್ಧಕ್ಕೆ ಇಳಿದಿತ್ತು. ಕಳ್ಳರಿರಬೇಕೆಂದು ಸುತ್ತ ಹೆಜ್ಜೆ ಹುಡುಕಿದಳು. ಇದ್ದದ್ದು ಅವಳದು, ಕೆಂಚನದು, ಎರಡೇ. ಅವನನ್ನೇ ಕೇಳಿದಳು.

"ದಿನಕ್ಕೆ ನಾಲ್ಕು ಹೊರೆ ಬೇಕವ್ವ ನನಗೆ," ಎಂದ ಕೆಂಚ, ಮುಚ್ಚುಮರೆಯಿಲ್ಲದೆ.

"ಮತ್ತೆ ನರಿ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಅವತ್ತು ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ ಬರೀ ಇಳಿಜಾರು. ಬೆನ್ನ ಮೇಲೆ ನರಿ ಒಬ್ಬನೇ. ಹತ್ತುವ ಸುದ್ದಿ ಅವನು ಎತ್ತಲಿಲ್ಲ, ನೀನು ಕೇಳಲಿಲ್ಲ. ಅದೂ ಅಲ್ಲದೆ ನನ್ನನ್ನು ಮೂಟೆ ಸಮೇತ ನೆಂಟರ ಬಿಲದ ಮುಂದೆಲ್ಲ ಮೆರೆಸಲು ನಿಲ್ಲಿಸುತ್ತೀ. ಕಾಲು ನಿಂತರೂ ಹೊಟ್ಟೆ ನಿಲ್ಲುವುದಿಲ್ಲವಲ್ಲ."

ಅಂದಿನಿಂದ ಮಲ್ಲವ್ವ ನೆಂಟರ ಬಿಲದ ಮುಂದೆ ನಿಲ್ಲಿಸುವುದನ್ನು ಬಿಟ್ಟಳು. ಆದರೂ ದಿನಕ್ಕೆ ಮೂರು ಹೊರೆ ಬೇಕೇ ಬೇಕಾಯಿತು.

ನರಿಯೊಡನೆ ಜಗಳಕ್ಕೆ ಹೋಗಲಿಲ್ಲ. ಅವನು ಕೆಂಚನ ತಮ್ಮನನ್ನು ಕರಡಿಗೆ ಮಾರಲು ಮಾತು ನಡೆಸಿದ್ದ ದಿನವೇ ನೋಡಿ, ಕೆಂಚನನ್ನು ಹೊಡೆದುಕೊಂಡು ಅಲ್ಲಿಗೆ ಹೋದಳು.

"ನಾಗೋಜಣ್ಣ, ಕರಡಿಯಣ್ಣನ ಕಣ್ಣೆದುರೇ ತೋರಿಸಿಬಿಡು. ಈ ಕೆಂಚನಿಗೆ ನನ್ನ ಗೆಡ್ಡೆ ಮೂಟೆ ಹೊರಿಸಿ ಗುಡ್ಡದಾಚೆ ನಾಲ್ಕು ಹರಿದಾರಿ ಹೋಗು, ನಾಲ್ಕು ಹರಿದಾರಿ ಬಾ. ಒಂದೇ ಹೊರೆ ಹುಲ್ಲು. ಆಗದಿದ್ದರೆ ಮಳೆಗಾಲದವರೆಗೆ ಇವನ ಮೇವಿನ ಹೊಣೆ ನಿನ್ನದು."

ಒಲ್ಲೆ ಎಂದರೆ ಕರಡಿ ಎದ್ದುಹೋಗುತ್ತಿತ್ತು. ನರಿ ಹಲ್ಲು ಕಿರಿದು ಒಪ್ಪಿದ.

ಹೊರೆ ಹುಲ್ಲು ಮುಗಿಸಿ ಹೊರಟ ಕೆಂಚ ಮೊದಲ ಏರಿನ ಅರ್ಧದಲ್ಲೇ ಮಂಡಿಯೂರಿದ. ನರಿ ಗದರಿದ, ಬೇಡಿದ, ಬಾಲ ತಿರುಚಿದ. ಕೆಂಚ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೆಳಗೆ ನಿಂತು ನೋಡುತ್ತಿದ್ದ ಕರಡಿ ಬೆಲೆಗೆಂದು ತಂದಿದ್ದ ಜೇನುಗೂಡುಗಳನ್ನು ಬಗಲಿಗೇರಿಸಿಕೊಂಡು ಮನೆಯ ದಾರಿ ಹಿಡಿಯಿತು.

ಮಾತು ಮಾತೇ. ಮರುದಿನ ಬೆಳಿಗ್ಗೆಯೇ ನಾಗೋಜಿ ಹೊಳೆದಂಡೆಗೆ ಇಳಿದು ಹುಲ್ಲು ಕಿತ್ತು, ತನ್ನ ಬೆನ್ನ ಮೇಲೇ ಹೊತ್ತು ಏರಿದ. ನಾಲಿಗೆ ಎದೆಯವರೆಗೆ ಜೋತುಬಿದ್ದಿತ್ತು.

"ಇನ್ನೆಷ್ಟು?" ಎಂದು ಏದುಸಿರಿನಲ್ಲಿ ಕೇಳಿದ.

"ಇವತ್ತಿಗೆ ಇನ್ನೆರಡು ಹೊರೆ," ಎಂದ ಕೆಂಚ, ಮೆಲುಕು ಹಾಕುತ್ತ. "ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿದೆ."

ನೀತಿ: ಮಾರುವವನು ಹೇಳುವ ಅಳತೆ ಅವನ ದಾರಿಯದು, ಕೊಳ್ಳುವವರು ತಮ್ಮ ಮೂಟೆ ಹೊರಿಸಿ, ತಮ್ಮ ದಾರಿಯಲ್ಲಿ ನಡೆಸಿ ನೋಡಿಯೇ ಕೊಳ್ಳಬೇಕು.